ಟೈಫೂನ್ ದೊಡ್ಡದು, ಆಲ್ಫಾ ವೇಗದ್ದು: ಹಾಗಾದರೆ ಶ್ರೇಷ್ಠ ಸಬ್‌ಮರೀನ್ ಯಾವುದು?

ಪ್ರಶ್ನೆ: "ಗಂಗಾವತಿಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದ್ರವದ ಒತ್ತಡ, ತೇಲುವಿಕೆಯ ಪಾಠ ಮುಗಿದ ಮೇಲೆ ಮಕ್ಕಳಿಗೊಂದು ಚರ್ಚಾಸ್ಪರ್ಧೆ ಇಟ್ಟುಕೊಂಡೆ: ಇತಿಹಾಸದಲ್ಲೇ ಶ್ರೇಷ್ಠ ಯುದ್ಧ ಸಬ್‌ಮರೀನ್ ಯಾವುದು? ಈಗ ಅದು ಕೈಮೀರಿದೆ. 'ಟೈಫೂನ್ ಬಿಟ್ರ ಬ್ಯಾರೆ ಯಾವ್ದೂ ಇಲ್ಲ ರೀ ಸರ್, ನಲವತ್ತೆಂಟು ಸಾವಿರ ಟನ್' ಎನ್ನುತ್ತದೆ ಒಂದು ಗುಂಪು. ಇನ್ನೊಂದು ಗುಂಪಿಗೆ ವೇಗವೇ ಮುಖ್ಯ, ಹಾಗಾಗಿ ರಷ್ಯದ ಆಲ್ಫಾ. ಜರ್ಮನಿಯ ಟೈಪ್ 21 ಒಂದು ವರ್ಷ ಮೊದಲೇ ಬಂದಿದ್ದರೆ ಹಿಟ್ಲರ್ ಗೆಲ್ಲುತ್ತಿದ್ದ ಎಂದು ಮೂರನೆಯವರ ವಾದ. ಒಬ್ಬ ಹುಡುಗಿ ಎದ್ದು, 'ಅಣುಶಕ್ತಿಯ ಸಬ್‌ಮರೀನ್ ಇರುವಾಗ ಭಾರತ ಇನ್ನೂ ಡೀಸೆಲ್‌ನವನ್ನು ಯಾಕೆ ಕಟ್ಟಿಸುತ್ತದೆ?' ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನಿರ್ಣಾಯಕ ನಾನೇ. ಯಾವ ಆಧಾರದ ಮೇಲೆ ತೀರ್ಪು ಕೊಡಲಿ? ನಾನು ಹೇಳಿದ್ದನ್ನೇ ಮಕ್ಕಳು ನಿಜ ಅಂದುಕೊಳ್ಳುತ್ತಾರೆ ಅನ್ನುವ ಅಳುಕು ಇದೆ."
— ಉಪನ್ಯಾಸಕರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ (ನೌಕಾಪಡೆಯ ಸಬ್‌ಮರೀನ್ ವಿಭಾಗದಲ್ಲಿ ಎಂಜಿನ್ ಕೋಣೆಯ ತಂತ್ರಜ್ಞರಾಗಿ ದುಡಿದು, ಈಗ ಬಳ್ಳಾರಿಯಲ್ಲಿ ನೆಲೆಸಿರುವವರಿಂದ):

ಸರ್, ಮಕ್ಕಳು ತಂದಿರುವ ಅಂಕಿಗಳು ಬಹುಪಾಲು ಸರಿಯಾಗಿಯೇ ಇವೆ. ಟೈಫೂನ್‌ಗಿಂತ ದೊಡ್ಡ ಸಬ್‌ಮರೀನನ್ನು ಯಾರೂ ಕಟ್ಟಿಲ್ಲ. ಆಲ್ಫಾದ ವೇಗವೂ ಸುಳ್ಳಲ್ಲ. ಅಂಕಿಯಿಂದ ಒಂದೇ ನೆಗೆತಕ್ಕೆ 'ಶ್ರೇಷ್ಠ' ಅನ್ನುವ ತೀರ್ಮಾನಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ನಿಮ್ಮ ಅಳುಕೂ ಅಲ್ಲೇ ಇದೆ: ಯಾವ ಅಂಕಿಗೆ ಎಷ್ಟು ತೂಕ ಕೊಡಬೇಕು?

ಒಳಗೆ ಕೆಲಸ ಮಾಡಿದ ನಾವು ಒಂದು ಬೋಟನ್ನು ಅಳೆಯುವ ರೀತಿ ಬೇರೆ. (ಸಬ್‌ಮರೀನನ್ನು ನಮ್ಮವರು ಹಡಗು ಅನ್ನುವುದಿಲ್ಲ, ಬೋಟ್ ಎಂದೇ ಕರೆಯುವುದು.) ಅದನ್ನು ಯಾವ ಕೆಲಸಕ್ಕೆ ಕಟ್ಟಿಸಿದರು, ಯಾವ ಸಮುದ್ರಕ್ಕೆ? ಆ ಕೆಲಸ ಅದರಿಂದ ಆಯಿತೆ? ಆ ದೇಶದ ಕಾರ್ಖಾನೆಗಳಿಗೆ ಅದನ್ನು ಬೇಕಾದಷ್ಟು ಸಂಖ್ಯೆಯಲ್ಲಿ ಸರಿಯಾಗಿ ಕಟ್ಟಲು ಬಂತೆ? ಕೆಟ್ಟಾಗ ನಡುಸಮುದ್ರದಲ್ಲೇ ದುರಸ್ತಿ ಮಾಡಿಕೊಳ್ಳಲು ಆಗುತ್ತಿತ್ತೆ? ಹೋದವರು ಮನೆಗೆ ವಾಪಸು ಬಂದರೆ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ನಿಮ್ಮ ಮಕ್ಕಳ ಪಟ್ಟಿಯ ಮೊದಲ ಎರಡು ಹೆಸರು ಬೇಗ ಕೆಳಗಿಳಿಯುತ್ತವೆ, ಯಾರೂ ಹೇಳದ ಒಂದೆರಡು ಹೆಸರು ಮೇಲೆ ಬರುತ್ತವೆ.

ಮೊದಲು ಟೈಫೂನ್. ಸೋವಿಯತ್ ಒಕ್ಕೂಟ 941ನೇ ಯೋಜನೆಯಲ್ಲಿ ಕಟ್ಟಿದ ಈ ಬೋಟ್‌ಗಳ ಉದ್ದ ಸುಮಾರು 175 ಮೀಟರ್, ಮುಳುಗಿದಾಗಿನ ತೂಕ 48,000 ಟನ್ನಿನ ಆಸುಪಾಸು. ಒಳಗೆ ಸಿಬ್ಬಂದಿಗೆ ಸೌನಾ, ಪುಟ್ಟ ಈಜುಕೊಳ ಇದ್ದದ್ದೂ ನಿಜ. ಆದರೆ ಅಷ್ಟು ದೊಡ್ಡದು ಯಾಕೆ ಮಾಡಿದರು ಅಂತ ಮಕ್ಕಳನ್ನು ಕೇಳಿ ನೋಡಿ. ಅದು ಹೊರಬೇಕಾಗಿದ್ದ ಆರ್-39 ಕ್ಷಿಪಣಿ ಒಂದೊಂದೂ 80 ಟನ್ನಿಗಿಂತ ಹೆಚ್ಚು ತೂಗುತ್ತಿತ್ತು, ಅಂಥವು 20 ಬೇಕಾಗಿದ್ದವು. ಅದೇ ಕಾಲದ ಅಮೆರಿಕದ ಟ್ರೈಡೆಂಟ್ ಕ್ಷಿಪಣಿಯ ತೂಕ ಅದರ ಅರ್ಧಕ್ಕಿಂತಲೂ ಕಡಿಮೆ. ಹಗುರವಾದ ಘನ ಇಂಧನದ ಕ್ಷಿಪಣಿ ಮಾಡಲು ಆಗದ್ದರಿಂದ ಅದಕ್ಕೆ ತಕ್ಕ ಬೋಟನ್ನೇ ದೊಡ್ಡದು ಮಾಡಿದರು, ಎರಡು ಒತ್ತಡ ತಡೆಯುವ ಒಡಲುಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಕ್ಷಿಪಣಿಗಳನ್ನು ನಿಲ್ಲಿಸಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣತನದ ಪರಿಹಾರವೇ. ಆರ್ಕ್ಟಿಕ್ ಹಿಮವನ್ನು ಒಡೆದು ಮೇಲೇಳುವ ಶಕ್ತಿಯೂ ಅದಕ್ಕಿತ್ತು. ಆದರೂ ಆರೇ ಬೋಟ್ ಕಟ್ಟಿ ನಿಲ್ಲಿಸಿದರು, ಕೊನೆಯದೂ 2023ರಲ್ಲಿ ನಿವೃತ್ತಿಯಾಯಿತು. ಅದಕ್ಕಿಂತ ಎಷ್ಟೋ ಚಿಕ್ಕದಾದ ಡೆಲ್ಟಾ 4 ವರ್ಗದ ಬೋಟ್‌ಗಳು ಅದೇ ಕೆಲಸವನ್ನು ಮುಂದುವರಿಸಿಕೊಂಡು ಬಂದವು.

ಆಲ್ಫಾ ಇನ್ನೂ ಸ್ವಾರಸ್ಯದ್ದು. ಟೈಟಾನಿಯಂ ಒಡಲು, ಸುಮಾರು 41 ನಾಟ್ ವೇಗ, ಅಂದರೆ ನೀರೊಳಗೆ ಗಂಟೆಗೆ 75 ಕಿ.ಮೀ. ದಾಟಿ ಓಟ. ಯಂತ್ರಗಳ ಸ್ವಯಂಚಾಲನೆ ಎಷ್ಟರಮಟ್ಟಿಗೆ ಇತ್ತೆಂದರೆ ಸುಮಾರು 30 ಜನರೇ ಇಡೀ ಬೋಟ್ ನಡೆಸುತ್ತಿದ್ದರು. ಇಷ್ಟು ಪುಟ್ಟ ಒಡಲಿನಲ್ಲಿ ಇಷ್ಟು ಶಕ್ತಿ ತುಂಬಲು ಅದರ ರಿಯಾಕ್ಟರನ್ನು ತಂಪು ಮಾಡಲು ನೀರಿನ ಬದಲು ಕರಗಿದ ಸೀಸ ಮತ್ತು ಬಿಸ್ಮತ್‌ನ ಮಿಶ್ರಲೋಹ ಬಳಸಿದರು. ಅದು ಸುಮಾರು 125 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದರೆ ಗಟ್ಟಿಯಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಲ್ಯಾಡಲ್‌ನೊಳಗಿನ ಕಬ್ಬಿಣ ಹೆಪ್ಪುಗಟ್ಟಿದರೆ ಏನು ಪಾಡು ಅನ್ನುವುದು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಹೆಪ್ಪುಗಟ್ಟುವುದು ರಿಯಾಕ್ಟರಿನ ಒಡಲಲ್ಲೇ. ಬಂದರಿನಲ್ಲಿ ನಿಂತಾಗಲೂ ದಡದಿಂದ ಹಬೆ ಕೊಟ್ಟೋ ರಿಯಾಕ್ಟರ್ ಚಾಲೂ ಇಟ್ಟೋ ಅದನ್ನು ಬಿಸಿಯಾಗಿ ಇಡಬೇಕಾಗಿತ್ತು. ಮೊದಲ ಬೋಟ್ ಕೆ-64ರಲ್ಲಿ 1972ರಲ್ಲಿ ಅದು ಗಟ್ಟಿಯಾಗಿಯೇ ಹೋಯಿತು, ಬೋಟ್ ಮತ್ತೆ ಕೆಲಸಕ್ಕೆ ಬರಲಿಲ್ಲ. ಒಟ್ಟು ಏಳು ಕಟ್ಟಿದರು, ಅಷ್ಟೇ.

ಇದರ ಜೊತೆ ಒಂದು ತಪ್ಪು ತಿಳಿವಳಿಕೆಯೂ ಅಂಟಿಕೊಂಡಿದೆ: ಟೈಟಾನಿಯಂ ಅಂದಮೇಲೆ ಆಲ್ಫಾ ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತಿತ್ತು ಅಂತ. ಶೀತಲ ಸಮರದ ಕಾಲದಲ್ಲಿ ಪಶ್ಚಿಮದ ದೇಶಗಳು ಹಾಗೆ ಅಂದಾಜು ಮಾಡಿದ್ದವು. ಅದರ ನಿಜವಾದ ಆಳ 400 ಮೀಟರಿನ ಸುತ್ತಮುತ್ತ. ಆಳದ ದಾಖಲೆ ಇನ್ನೊಂದು ಸೋವಿಯತ್ ಟೈಟಾನಿಯಂ ಬೋಟ್ ಕೊಮ್ಸೊಮೊಲೆಟ್ಸ್‌ನದು. ಅದು 1984ರಲ್ಲಿ 1,020 ಮೀಟರ್ ಇಳಿಯಿತು, 1989ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಮುಳುಗಿತು, 42 ಜನ ಸತ್ತರು. ವೇಗದ ದಾಖಲೆಯೂ ಆಲ್ಫಾದ್ದಲ್ಲ. ಒಂದೇ ಒಂದು ಕಟ್ಟಿದ ಕೆ-222 ಅನ್ನುವ ಬೋಟ್ 44.7 ನಾಟ್ ಮುಟ್ಟಿತ್ತು. ಆ ವೇಗದಲ್ಲಿ ನೀರು ಒಡಲಿಗೆ ಉಜ್ಜುವ ಸದ್ದಿಗೆ ಒಳಗಿದ್ದವರಿಗೇ ಮಾತು ಕೇಳಿಸುತ್ತಿರಲಿಲ್ಲ. ಅಡಗಿರಬೇಕಾದ ಯಂತ್ರ ಅಷ್ಟು ಸದ್ದು ಮಾಡಿದರೆ ಶತ್ರುವಿನ ಸೋನಾರ್‌ಗೆ (ನೀರೊಳಗಿನ ಸದ್ದಿನಿಂದ ಪತ್ತೆಹಚ್ಚುವ ಉಪಕರಣ) ಹುಡುಕುವ ಕೆಲಸವೇ ಇರುವುದಿಲ್ಲ, ತನ್ನ ಸೋನಾರ್‌ಗೂ ಏನೂ ಕೇಳಿಸುವುದಿಲ್ಲ.

ಆಳದ ಮಾತು ಬಂದದ್ದಕ್ಕೆ, ನಿಮ್ಮ ಪಾಠಕ್ಕೆ ಸಿಗುವ ಒಂದು ಲೆಕ್ಕ ಕೊಡುತ್ತೇನೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 300 ಮೀಟರ್ ಆಳದಲ್ಲಿ ಒಡಲಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು 300 ಟನ್ ಭಾರ ಕೂತಿರುತ್ತದೆ. ಅಡ್ಡಕೊಯ್ತ ಪೂರ್ತಿ ವೃತ್ತವಾಗಿದ್ದರೆ ಈ ಭಾರ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ವೃತ್ತ ಒಂದು ಕಡೆ ಸ್ವಲ್ಪ ಚಪ್ಪಟೆಯಾದರೂ ಅಲ್ಲೇ ಒಳಗೆ ಕುಸಿಯಲು ದಾರಿ ಸಿಕ್ಕಂತೆ. ಬೆಸುಗೆ ಹಾಕುವಾಗಿನ ಕೆಲವೇ ಮಿಲಿಮೀಟರ್ ವ್ಯತ್ಯಾಸ ಬೋಟ್ ಇಳಿಯಬಹುದಾದ ಆಳವನ್ನು ತಗ್ಗಿಸಿಬಿಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಟೈಪ್ 21ರ ಕಥೆಯಲ್ಲಿ ಬೇಕಾಗುತ್ತದೆ.

ಟೈಪ್ 21 ಹುಟ್ಟಿದ್ದು ಸೋಲಿನಿಂದ. ಜರ್ಮನಿಯ ಮುಖ್ಯ ಬೋಟ್ ಆಗಿದ್ದ ಟೈಪ್ 7 ಅಗ್ಗದ್ದು, ಗಟ್ಟಿಮುಟ್ಟಾದದ್ದು, ಸುಮಾರು 700 ಕಟ್ಟಿದರು. ಆದರೆ ಆ ಕಾಲದ ಸಬ್‌ಮರೀನ್‌ಗಳೆಲ್ಲ ನಿಜವಾಗಿ ನೀರ ಮೇಲೆ ಓಡುವ ಹಡಗುಗಳೇ, ಬೇಕೆಂದಾಗ ಸ್ವಲ್ಪ ಹೊತ್ತು ಮುಳುಗುತ್ತಿದ್ದವು. ಟೈಪ್ 7 ಮೇಲೆ 17 ನಾಟ್ ಓಡಿದರೆ ಒಳಗೆ ಏಳೂವರೆ ನಾಟ್. ಮುಳುಗಿಕೊಂಡು ನಿಧಾನಕ್ಕೆ ಹೋದರೂ 80 ನಾಟಿಕಲ್ ಮೈಲಿಗೆ ಬ್ಯಾಟರಿ ಖಾಲಿ. ವಿಮಾನ, ರೇಡಾರ್, ಗೂಢಲಿಪಿಯ ಬಿಡಿಸುವಿಕೆ ಎಲ್ಲ ಒಟ್ಟಾಗಿ ಮೇಲಿನ ನೀರೇ ಸಾವಿನ ಜಾಗವಾದಾಗ ಈ ಬೋಟ್‌ಗಳಿಗೆ ಉಳಿಗಾಲವಿರಲಿಲ್ಲ. 1943ರ ಮೇ ಒಂದೇ ತಿಂಗಳಲ್ಲಿ ಜರ್ಮನಿ 41 ಬೋಟ್ ಕಳೆದುಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಆ ಪಡೆಯ ನಾಲ್ವರಲ್ಲಿ ಮೂವರು ಸತ್ತಿದ್ದರು.

ಅದಕ್ಕೆ ಉತ್ತರವಾಗಿ ಬಂದದ್ದು ಟೈಪ್ 21. ಮೇಲಿನ ತೋಪು, ಕಂಬಿ, ಚಾಚುಗಳನ್ನೆಲ್ಲ ತೆಗೆದು ಒಡಲನ್ನು ನುಣುಪು ಮಾಡಿದರು, ಬ್ಯಾಟರಿಯನ್ನು ಸುಮಾರು ಮೂರು ಪಟ್ಟು ಹೆಚ್ಚಿಸಿದರು, ಪೆರಿಸ್ಕೋಪಿನ ಆಳದಲ್ಲೇ ಡೀಸೆಲ್ ಓಡಿಸಲು ಮೇಲಿನಿಂದ ಗಾಳಿ ಎಳೆದುಕೊಳ್ಳುವ ಕೊಳವೆ, ಸ್ನಾರ್ಕೆಲ್, ಕೊಟ್ಟರು. ಫಲ ಏನೆಂದರೆ ಮೇಲೆ 15 ನಾಟ್ ಚಿಲ್ಲರೆ, ಒಳಗೆ 17 ನಾಟ್. ನೀರ ಮೇಲಿಗಿಂತ ನೀರೊಳಗೆ ವೇಗವಾಗಿ ಓಡುವ, ಪಹರೆಯುದ್ದಕ್ಕೂ ಒಳಗೇ ಇರಲೆಂದು ವಿನ್ಯಾಸ ಮಾಡಿದ ದೊಡ್ಡ ಯುದ್ಧ ಬೋಟ್ ಇದು. ಈ ಕಲ್ಪನೆ ಮುಂದಿನ ಎಲ್ಲವನ್ನೂ ಬದಲಿಸಿತು.

ಆದರೆ ನಿಮ್ಮ ಮಕ್ಕಳ ವಾದ ಕಲ್ಪನೆಯ ಬಗ್ಗೆ ಅಲ್ಲ, ಕಟ್ಟಿದ ಬೋಟ್ ಬಗ್ಗೆ. 118 ಬೋಟ್ ಸೇವೆಗೆ ಸೇರಿದವು. ಯುದ್ಧದ ಪಹರೆಗೆ ಹೊರಟದ್ದು ಎರಡು. ಅವು ಒಂದು ಹಡಗನ್ನೂ ಮುಳುಗಿಸಲಿಲ್ಲ. ಬೇಗ ಕಟ್ಟಲೆಂದು ಒಡಲನ್ನು ಎಂಟು ತುಂಡು ಮಾಡಿ, ಹಡಗು ಕಟ್ಟಿ ಗೊತ್ತಿಲ್ಲದ ಒಳನಾಡಿನ ಉಕ್ಕಿನ ಕಾರ್ಖಾನೆಗಳಿಗೆ ಹಂಚಿದರು. ತುಂಡುಗಳು ಕಾಲುವೆಗಳ ಮೂಲಕ ಬಂದರಿಗೆ ಬಂದಾಗ ಒಂದಕ್ಕೊಂದು ಕೂಡಲಿಲ್ಲ. ಗಿಣಿಗೇರಿ ಕಡೆಯ ಕಾರ್ಖಾನೆಗಳಲ್ಲಿ ಫ್ಯಾಬ್ರಿಕೇಷನ್ ಕೆಲಸದವರ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಲಿ: ಬೇರೆ ಬೇರೆ ಕಡೆ ಮಾಡಿದ ದೊಡ್ಡ ಕೊಳವೆಯ ತುಂಡುಗಳ ಬಾಯಿ ಕೂಡಿಸುವುದು ಎಂಥ ಕೆಲಸ ಅಂತ. ಕೂಡದ್ದನ್ನು ಎಳೆದು ಬಗ್ಗಿಸಿ ಬೆಸೆದರೆ ವೃತ್ತ ಕೆಡುತ್ತದೆ, ಆಳ ಕಡಿಮೆಯಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್‌ಗಳು ಲೆಕ್ಕದಂತೆ ನಡೆಯಲಿಲ್ಲ, ಎಂಜಿನ್ನಿನ ಶಕ್ತಿ ಇಳಿಯಿತು, ಬ್ಯಾಟರಿ ತುಂಬಲು ಹೆಚ್ಚು ಹೊತ್ತು ಬೇಕಾಯಿತು. ಹೈಡ್ರಾಲಿಕ್ ವ್ಯವಸ್ಥೆಯ ಭಾಗಗಳನ್ನು ಒತ್ತಡದ ಒಡಲಿನ ಹೊರಗೆ ಇಟ್ಟಿದ್ದರು. ಹೊರಗಿಟ್ಟದ್ದು ಕೆಟ್ಟರೆ ಸಮುದ್ರದಲ್ಲಿ ಅದನ್ನು ಮುಟ್ಟುವುದಾದರೂ ಹೇಗೆ? ಎಂಜಿನ್ ಕೋಣೆಯವನಾದ ನನಗೆ ಆ ಒಂದು ತೀರ್ಮಾನವನ್ನು ಕ್ಷಮಿಸಲು ಆಗುವುದಿಲ್ಲ.

ಒಂದು ವರ್ಷ ಮೊದಲು ಬಂದಿದ್ದರೆ? ಒಂದು ವರ್ಷ ಮೊದಲು ಬರಬೇಕಾದರೆ ಇನ್ನೂ ಹೆಚ್ಚು ಅವಸರ ಮಾಡಬೇಕಾಗಿತ್ತು, ಕೆಟ್ಟದ್ದೆಲ್ಲ ಅವಸರದಿಂದಲೇ. ಕಾಲುವೆ, ಬಂದರುಗಳ ಮೇಲೆ ಬಾಂಬು ಬೀಳುತ್ತಿತ್ತು, ಬಾಲ್ಟಿಕ್ ಸಮುದ್ರದ ತರಬೇತಿ ಜಾಗದಲ್ಲಿ ಮೈನ್‌ಗಳಿದ್ದವು, ಅನುಭವಿ ಸಿಬ್ಬಂದಿ ಆಗಲೇ ಸಮುದ್ರದ ತಳ ಸೇರಿದ್ದರು. ಪೂರ್ವದಿಂದ ನೆಲದ ಮೇಲೆ ಬರುತ್ತಿದ್ದ ಸೋವಿಯತ್ ಸೈನ್ಯವನ್ನು ಯಾವ ಸಬ್‌ಮರೀನೂ ತಡೆಯುವಂತಿರಲಿಲ್ಲ. ಅಟ್ಲಾಂಟಿಕ್‌ನಲ್ಲಿ ಮಿತ್ರಪಕ್ಷಕ್ಕೆ ತ್ರಾಸ ಹೆಚ್ಚುತ್ತಿತ್ತು ಅನ್ನುವವರೆಗೆ ಒಪ್ಪಬಹುದು. ಅದರಾಚೆಗಿನದು ಊಹೆ.

ಯುದ್ಧ ಮುಗಿದ ಮೇಲೆ ಗೆದ್ದವರೆಲ್ಲ ಟೈಪ್ 21ಗಳನ್ನು ಹಂಚಿಕೊಂಡು ಬಿಚ್ಚಿ ನೋಡಿದರು. ಅಮೆರಿಕದ ಅಧ್ಯಕ್ಷ ಟ್ರೂಮನ್ 1946ರಲ್ಲಿ ಅಂಥ ಒಂದರಲ್ಲಿ ಕೂತು ನೀರೊಳಗೆ ಹೋಗಿ ಬಂದರು. ಸೋವಿಯತ್ ಒಕ್ಕೂಟ ಆ ಪಾಠದಿಂದ ವಿಸ್ಕಿ ಮತ್ತು ಜುಲು ವರ್ಗದ ಬೋಟ್‌ಗಳನ್ನು ಮಾಡಿತು, ಜುಲುವಿನ ಮುಂದಿನ ತಲೆಮಾರು ಫಾಕ್ಸ್‌ಟ್ರಾಟ್. 1967ರ ಡಿಸೆಂಬರ್ 8ರಂದು ಭಾರತದ ಮೊದಲ ಸಬ್‌ಮರೀನ್ ಆಗಿ ಸೇವೆಗೆ ಸೇರಿದ ಕಲ್ವರಿ ಇದೇ ಫಾಕ್ಸ್‌ಟ್ರಾಟ್ ವರ್ಗದ್ದು. ನಾನು ಕೆಲಸ ಕಲಿತದ್ದೂ ಈ ವರ್ಗದಲ್ಲೇ. ಮೂರು ಡೀಸೆಲ್, ಪ್ರೊಪೆಲ್ಲರ್ ತಿರುಗಿಸುವ ಮೂರು ಶಾಫ್ಟ್, ಉತ್ತರದ ತಣ್ಣನೆಯ ನೀರಿಗೆ ಲೆಕ್ಕ ಹಾಕಿ ಕಟ್ಟಿದ ಯಂತ್ರಗಳು. ಬಂಗಾಳ ಕೊಲ್ಲಿಯ ಬಿಸಿ ನೀರಿನಲ್ಲಿ ಡೀಸೆಲ್ ಕೋಣೆಯ ಸೆಖೆ ರಾಯಚೂರಿನ ಮೇ ತಿಂಗಳಿನವನಾದ ನನ್ನನ್ನೂ ಸುಸ್ತು ಮಾಡುತ್ತಿತ್ತು. 1962ರಲ್ಲಿ ಕ್ಯೂಬಾ ಬಿಕ್ಕಟ್ಟಿನ ಹೊತ್ತಿನಲ್ಲಿ ಇದೇ ವರ್ಗದ ನಾಲ್ಕು ಬೋಟ್‌ಗಳು ಬೆಚ್ಚನೆಯ ಕೆರಿಬಿಯನ್ ಕಡೆಗೆ ಹೋಗಿದ್ದವು. ಒಂದರಲ್ಲಿ, ಬಿ-59ರಲ್ಲಿ, ಅಮೆರಿಕನ್ ಹಡಗುಗಳು ಮೇಲೆ ಸುತ್ತುವರಿದಿದ್ದಾಗ, ಬ್ಯಾಟರಿ ತಳ ಹಿಡಿದು, ಸೆಖೆ ತಡೆಯಲಾರದ ಮಟ್ಟ ಮುಟ್ಟಿದ್ದಾಗ, ಅಣ್ವಸ್ತ್ರದ ಟಾರ್ಪಿಡೊ (ನೀರೊಳಗೆ ಓಡಿ ಗುರಿಗೆ ಬಡಿಯುವ ಅಸ್ತ್ರ) ಹಾರಿಸುವ ಮಾತು ಬಂತು. ವಾಸಿಲಿ ಅರ್ಖಿಪೊವ್ ಅನ್ನುವ ಅಧಿಕಾರಿ ಅದಕ್ಕೆ ಒಪ್ಪಲಿಲ್ಲ. ಆದ್ದರಿಂದ ಬೋಟ್ ಯಾವ ಸಮುದ್ರಕ್ಕೆ ಅಂತ ನಾನು ಕೇಳುವುದನ್ನು ಸಣ್ಣ ವಿಷಯವೆಂದು ಬಿಡಬೇಡಿ.

ಈಗ ನನ್ನ ಆಯ್ಕೆ. ನಿಮ್ಮ ಮಕ್ಕಳಲ್ಲಿ ಯಾರೂ ಹೆಸರಿಸದ ಅಮೆರಿಕದ ಗೇಟೊ ಮತ್ತು ಅದರ ಬೆನ್ನಿಗೆ ಬಂದ ಬಲಾವೊ ವರ್ಗ. ಹೊರನೋಟಕ್ಕೆ ಇದರಲ್ಲಿ ಬೆರಗೇನೂ ಇಲ್ಲ. ಟೈಪ್ 7ರ ಹಾಗೆ ಇದೂ ಮೇಲೆ ಓಡುವ ಬೋಟೇ, ನೀರೊಳಗೆ ಒಂಬತ್ತು ನಾಟ್ ದಾಟುತ್ತಿರಲಿಲ್ಲ. ಆದರೆ ಶಾಂತಸಾಗರದ ಅಗಾಧ ದೂರವನ್ನು ಎದುರಿಗಿಟ್ಟುಕೊಂಡು ಇದನ್ನು ಯೋಚಿಸಿದ್ದರು. 95 ಮೀಟರ್ ಉದ್ದ, 10 ನಾಟ್ ವೇಗದಲ್ಲಿ 11,000 ನಾಟಿಕಲ್ ಮೈಲಿ ಹೋಗಿಬರುವಷ್ಟು ಎಣ್ಣೆ, 75 ದಿನದ ಪಹರೆಗೆ ಬೇಕಾದ ಆಹಾರ, ಹತ್ತು ಟಾರ್ಪಿಡೊ ಕೊಳವೆ, 24 ಟಾರ್ಪಿಡೊ. ನಾಲ್ಕು ಡೀಸೆಲ್‌ಗಳು ನೇರ ಶಾಫ್ಟ್ ತಿರುಗಿಸದೆ ಜನರೇಟರ್ ತಿರುಗಿಸುತ್ತಿದ್ದವು, ಮೋಟಾರ್‌ಗಳು ಶಾಫ್ಟ್ ನೋಡಿಕೊಳ್ಳುತ್ತಿದ್ದವು. ಒಂದು ಡೀಸೆಲ್ ಬಿಚ್ಚಿಟ್ಟು ದುರಸ್ತಿ ಮಾಡುತ್ತಿದ್ದರೂ ಬೋಟ್ ನಿಲ್ಲುತ್ತಿರಲಿಲ್ಲ. ಈ ಎಂಜಿನ್‌ಗಳ ಹಿಂದೆ 1930ರ ದಶಕದ ಒಂದು ದೂರದೃಷ್ಟಿ ಇದೆ: ರೈಲಿಗೆ ಬೇಕಾಗಿದ್ದ ಹಗುರ, ವೇಗದ ಡೀಸೆಲ್‌ಗಳು ಮತ್ತು ಸಬ್‌ಮರೀನ್‌ಗೆ ಬೇಕಾಗಿದ್ದವು ಒಟ್ಟೊಟ್ಟಿಗೇ ಬೆಳೆದವು.

ಇನ್ನೊಂದು ಮಾತು ಒಳಗಿನವರಿಗಷ್ಟೇ ಹೊಳೆಯುವಂಥದು. ಈ ಬೋಟ್‌ಗಳಲ್ಲಿ ಏರ್‌ಕಂಡಿಷನಿಂಗ್ ಇತ್ತು. ಸುಖಕ್ಕೆ ಅಂತ ಕೆಲವರು ಆಗ ಟೀಕಿಸಿದರೂ ಅದು ತೇವವನ್ನು ಹಿಂಡಿ ತೆಗೆದು ವಿದ್ಯುತ್ ತಂತಿಗಳು, ಸ್ವಿಚ್‌ಬೋರ್ಡ್‌ಗಳು ಶಾರ್ಟ್ ಆಗದಂತೆ ಕಾಯುತ್ತಿತ್ತು. ಬೆವರಿಳಿಯುವ ಉಷ್ಣವಲಯದಲ್ಲಿ ಎರಡು ತಿಂಗಳು ದಾಟಿದ ಮೇಲೂ ಸಿಬ್ಬಂದಿಯ ತಲೆ ನೆಟ್ಟಗಿರುತ್ತಿತ್ತು. ಬಲಾವೊದಲ್ಲಿ ಇನ್ನೂ ಗಟ್ಟಿಯಾದ, ದಪ್ಪನೆಯ ಉಕ್ಕು ಹಾಕಿ ಪರೀಕ್ಷಾ ಆಳವನ್ನು ಸುಮಾರು 90 ಮೀಟರಿನಿಂದ 120 ಮೀಟರಿಗೆ ಒಯ್ದರು. ಗೇಟೊ 77, ಬಲಾವೊ 120 ಕಟ್ಟಿದರು, ತುಂಡುಗಳು ಕೂಡಿದವು.

ಫಲಿತಾಂಶ ಏನೆಂದರೆ, ಅಮೆರಿಕದ ನೌಕಾಪಡೆಯಲ್ಲಿ ಶೇ. 2ಕ್ಕಿಂತ ಕಡಿಮೆ ಜನರಿದ್ದ ಸಬ್‌ಮರೀನ್ ಪಡೆ, ಜಪಾನ್ ಕಳೆದುಕೊಂಡ ವಾಣಿಜ್ಯ ಹಡಗುಗಳ ಒಟ್ಟು ಟನ್ನೇಜಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿತು. ಎಣ್ಣೆ, ಅದಿರು, ಅಕ್ಕಿ ಎಲ್ಲ ಸಮುದ್ರದ ಮೇಲೆ ತರಿಸಿಕೊಳ್ಳುತ್ತಿದ್ದ ದ್ವೀಪದೇಶದ ಉಸಿರು ಕಟ್ಟಿದ್ದು ಹೀಗೆ. ಜರ್ಮನಿ ಬ್ರಿಟನ್ನಿಗೆ ಮಾಡಲು ಹೋಗಿ ಆಗದ್ದು ಇಲ್ಲಿ ಆಯಿತು.

ಎದುರುವಾದವೂ ಇದೆ, ನಿಮ್ಮ ಮಕ್ಕಳು ಅದನ್ನು ಎತ್ತಬೇಕು. ಜಪಾನಿನ ಸಬ್‌ಮರೀನ್ ನಿರೋಧಕ ವ್ಯವಸ್ಥೆ ಬ್ರಿಟನ್ನಿನದಕ್ಕೆ ಹೋಲಿಸಿದರೆ ದುರ್ಬಲ. ಗೇಟೊ ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಪರವಾಗಿ ಹೋರಾಡಿದ್ದರೆ ಟೈಪ್ 7ರ ಗತಿಯೇ ಅದಕ್ಕೂ ಕಾದಿರುತ್ತಿತ್ತು ಅನ್ನಬಹುದು. ಯುದ್ಧದ ಮೊದಲ ಎರಡು ವರ್ಷ ಅದರ ಮಾರ್ಕ್ 14 ಟಾರ್ಪಿಡೊ ನಂಬುವಂತಿರಲಿಲ್ಲ: ಇಟ್ಟ ಆಳಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ಓಡುತ್ತಿತ್ತು, ಕಾಂತೀಯ ಸ್ಫೋಟಕ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತಿತ್ತು, ನೇರ ಬಡಿದಾಗ ಪಿನ್ನು ನಜ್ಜಾಗಿ ಸಿಡಿಯುತ್ತಲೇ ಇರಲಿಲ್ಲ. ಒಂದು ದೋಷ ಇನ್ನೊಂದನ್ನು ಮರೆಮಾಚುತ್ತಿದ್ದುದರಿಂದ 1943ರ ಕೊನೆಯವರೆಗೂ ಪೂರ್ತಿ ಸರಿಯಾಗಲಿಲ್ಲ. 52 ಅಮೆರಿಕನ್ ಬೋಟ್‌ಗಳು ಹಿಂತಿರುಗಲಿಲ್ಲ, ಸುಮಾರು 3,500 ಜನ ಸತ್ತರು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಕೆಲಸಕ್ಕೆ ತಕ್ಕ ಯಂತ್ರ, ಕಾರ್ಖಾನೆಗೆ ತಕ್ಕ ನಕ್ಷೆ, ಮನುಷ್ಯನಿಗೆ ತಕ್ಕ ಒಳಾಂಗಣ ಮೂರೂ ಒಂದೇ ಕಡೆ ಸೇರಿದ ಇನ್ನೊಂದು ವಿನ್ಯಾಸ ನನಗೆ ಕಾಣುವುದಿಲ್ಲ. ಇದರ ತಂಗಿ ಟೆಂಚ್ ವರ್ಗದ ಒಂದು ಬೋಟನ್ನು 1960ರ ದಶಕದಲ್ಲಿ ಪಾಕಿಸ್ತಾನ ಪಡೆದು ಘಾಜಿ ಎಂದು ಹೆಸರಿಟ್ಟಿತು. 1971ರ ಡಿಸೆಂಬರ್ ಮೊದಲ ವಾರ ವಿಶಾಖಪಟ್ಟಣದ ಎದುರು ಅದು ಮುಳುಗಿತು. ಮುಳುಗಿದ ಕಾರಣದ ಬಗ್ಗೆ ಎರಡು ದೇಶಗಳೂ ಇವತ್ತಿಗೂ ಬೇರೆ ಬೇರೆ ಮಾತು ಹೇಳುತ್ತವೆ, ಚರ್ಚೆಯಲ್ಲಿ ಆ ಜಗಳಕ್ಕೆ ಹೋಗುವ ಅಗತ್ಯವಿಲ್ಲ. ಅಮೆರಿಕದಿಂದ ಕರಾಚಿಗೆ ಬಂದು, ಅಲ್ಲಿಂದ ಭಾರತದ ದಕ್ಷಿಣ ತುದಿಯನ್ನು ಸುತ್ತಿ ಪೂರ್ವ ಕರಾವಳಿ ಮುಟ್ಟಿತ್ತಲ್ಲ, ಆ ದೂರವನ್ನು ಮಾತ್ರ ಭೂಪಟದಲ್ಲಿ ತೋರಿಸಿ.

ಅಣುಯುಗದಲ್ಲಿ ಒಂದೇ ಹೆಸರು ಹೇಳು ಅಂದರೆ ಜನ ಅಮೆರಿಕದ ನಾಟಿಲಸ್ ಅನ್ನುತ್ತಾರೆ. 1955ರ ಜನವರಿ 17ರಂದು ಅಣುಶಕ್ತಿಯಿಂದ ಹೊರಟಿತು, 1958ರಲ್ಲಿ ಉತ್ತರ ಧ್ರುವದ ಹಿಮದಡಿ ದಾಟಿತು, ದೊಡ್ಡ ಸಾಧನೆಯೇ. ಆದರೆ ಅದರ ಒಡಲು ಹಳೆಯ ಜಾಯಮಾನದ್ದು. ಆಕಾರದ ಪಾಠ ಕಲಿಸಿದ್ದು 1953ರಲ್ಲಿ ಸೇವೆಗೆ ಬಂದ ಆಲ್ಬಕೋರ್ ಅನ್ನುವ ಪ್ರಯೋಗದ ಬೋಟ್. ಒಂದು ಟಾರ್ಪಿಡೊ ಕೊಳವೆಯೂ ಅದಕ್ಕಿರಲಿಲ್ಲ. ಮುಂದೆ ದುಂಡಗೆ, ಹಿಂದಕ್ಕೆ ಸಪೂರವಾಗುವ ಹನಿಯಾಕಾರದ ಒಡಲು, ಬ್ಯಾಟರಿಯಲ್ಲೇ 30 ನಾಟ್ ದಾಟಿತು. 1959ರ ಸ್ಕಿಪ್‌ಜ್ಯಾಕ್ ಆ ಒಡಲನ್ನೂ ರಿಯಾಕ್ಟರನ್ನೂ ಒಂದುಗೂಡಿಸಿತು. ಕಟ್ಟುತ್ತಿದ್ದ ಒಂದು ಸ್ಕಿಪ್‌ಜ್ಯಾಕ್ ವರ್ಗದ ಬೋಟನ್ನೇ ನಡುವೆ ಸೀಳಿ, ಸುಮಾರು 40 ಮೀಟರ್ ಉದ್ದದ ಕ್ಷಿಪಣಿ ಭಾಗ ಸೇರಿಸಿ ಜಾರ್ಜ್ ವಾಷಿಂಗ್ಟನ್ ಮಾಡಿದರು, 1960ರಲ್ಲಿ ಅದು 16 ಪೊಲಾರಿಸ್ ಕ್ಷಿಪಣಿ ಹೊತ್ತು ಪಹರೆಗೆ ಹೋಯಿತು. ಇವತ್ತಿನ ಬಹುಪಾಲು ಸಬ್‌ಮರೀನ್‌ಗಳ ಮೈಕಟ್ಟು ಆಲ್ಬಕೋರ್‌ನಿಂದ ಬಂದದ್ದು. 'ಯಾವುದರ ಪ್ರಭಾವ ಹೆಚ್ಚು' ಅನ್ನುವುದು ಪ್ರಶ್ನೆಯಾದರೆ ಟೈಪ್ 21ರ ಜೊತೆ ಇದನ್ನೂ ನಿಲ್ಲಿಸಲೇಬೇಕು.

ಇಲ್ಲೇ ಥ್ರೆಷರ್ ಹೆಸರನ್ನೂ ಹೇಳಬೇಕು. ತನ್ನ ಕಾಲದಲ್ಲಿ ಅತಿ ಮುಂದುವರಿದ ಬೋಟ್, 1963ರ ಏಪ್ರಿಲ್ 10ರಂದು ಆಳದ ಪರೀಕ್ಷೆಯಲ್ಲಿ 129 ಜನರ ಸಮೇತ ಹೋಯಿತು. ಸಮುದ್ರದ ನೀರಿನ ಕೊಳವೆಯ ಒಂದು ಜೋಡಣೆ ಸೋರಿರಬೇಕೆಂದು ತನಿಖೆ ಹೇಳಿತು. ಮೇಲೇಳಲು ಟ್ಯಾಂಕಿಗೆ ಗಾಳಿ ಊದಿದಾಗ ಕೊಳವೆಯಲ್ಲಿ ಹಿಮ ಕಟ್ಟಿ ಗಾಳಿ ನಿಂತುಹೋಗಿರಬೇಕು. ಆಮೇಲೆ ಅಮೆರಿಕ ಸಬ್‌ಸೇಫ್ ಅನ್ನುವ ಕಟ್ಟುನಿಟ್ಟಿನ ವ್ಯವಸ್ಥೆ ತಂದಿತು: ಸಮುದ್ರದ ಒತ್ತಡ ಹೊರುವ ಪ್ರತಿ ಬೆಸುಗೆ, ಪ್ರತಿ ವಾಲ್ವ್‌ಗೂ ದಾಖಲೆ. ಆ ಪ್ರಮಾಣ ಪಡೆದ ಯಾವ ಬೋಟೂ ಅಲ್ಲಿಂದೀಚೆಗೆ ಮುಳುಗಿ ಕಳೆದುಹೋಗಿಲ್ಲ. ನಮ್ಮ ಕೆಲಸದಲ್ಲಿ ಒಂದು ವಾಲ್ವ್ ಮುಚ್ಚಿದ ಮೇಲೆ ಇನ್ನೊಬ್ಬ ಬಂದು ಅದನ್ನೇ ಮತ್ತೆ ಮುಟ್ಟಿ ನೋಡುತ್ತಿದ್ದ. ಹೊಸ ಹುಡುಗರಿಗೆ ಬೇಸರ ತರಿಸುವ ಆ ಪದ್ಧತಿಯ ಹಿಂದೆ ಇಂಥ ಸಾವುಗಳಿವೆ.

ಇನ್ನು ಆ ಹುಡುಗಿಯ ಪ್ರಶ್ನೆ. ತರಗತಿಯಲ್ಲಿ ಬಂದ ಪ್ರಶ್ನೆಗಳಲ್ಲೆಲ್ಲ ಇದೇ ಚೆನ್ನಾಗಿದೆ. ಅಣುಶಕ್ತಿಯ ಬೋಟ್ ತಿಂಗಳುಗಟ್ಟಲೆ ಒಳಗೇ ಇರಬಲ್ಲದು, ವೇಗವಾಗಿ ದೂರ ಹೋಗಬಲ್ಲದು. ಆದರೆ ಅದರಲ್ಲಿ ರಿಯಾಕ್ಟರಿನ ಪಂಪು, ಹಬೆಯ ಟರ್ಬೈನು, ಗೇರು ಸಾಮಾನ್ಯವಾಗಿ ನಡೆಯುತ್ತಲೇ ಇರಬೇಕು. ಡೀಸೆಲ್ ಬೋಟ್ ಮುಳುಗಿ ಬ್ಯಾಟರಿಗೆ ಬಂದರೆ ಡೀಸೆಲ್‌ಗಳೆಲ್ಲ ನಿಂತು ಒಂದು ಮೋಟಾರ್ ಮೆಲ್ಲಗೆ ತಿರುಗುತ್ತದೆ, ಅಷ್ಟೇ. ನಮ್ಮ ಸಮುದ್ರದಲ್ಲಿ ಮೇಲಿನ ನೀರು ಬಿಸಿ, ಕೆಳಗಿನದು ತಣ್ಣಗೆ. ಆ ಪದರದಲ್ಲಿ ಸದ್ದು ಬಾಗುತ್ತದೆ (ಬೆಳಕಿನ ವಕ್ರೀಭವನದ ಪಾಠಕ್ಕೆ ಜೋಡಿಸಿ ಹೇಳಿ). ಆ ಪದರದ ಕೆಳಗೆ ಮೆಲ್ಲಗೆ ಹೋಗುತ್ತಿರುವ ಬೋಟನ್ನು ಹುಡುಕುವುದು ಬಹಳ ಕಷ್ಟ. 1971ರ ಡಿಸೆಂಬರ್ 9ರ ರಾತ್ರಿ ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿದ್ದು ಪಾಕಿಸ್ತಾನದ ಹ್ಯಾಂಗೊರ್, ಫ್ರಾನ್ಸಿನಲ್ಲಿ ಕಟ್ಟಿದ ಸಣ್ಣ ಡೀಸೆಲ್ ಬೋಟ್. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ ನಮ್ಮ 18 ಅಧಿಕಾರಿಗಳು, 176 ನಾವಿಕರು ಹೋದರು. ಡೀಸೆಲ್ ಹಳತು ಅಂತ ಹಗುರ ಮಾಡುವವರಿಗೆ ಇದನ್ನು ಹೇಳಿ.

ಅದರ ಬಲಹೀನತೆಯೂ ಅಷ್ಟೇ ನಿಜ. ಪೂರ್ತಿ ವೇಗಕ್ಕೆ ಹೋದರೆ ಬ್ಯಾಟರಿ ಬಹುಬೇಗ ಬತ್ತುತ್ತದೆ. ಬ್ಯಾಟರಿ ತುಂಬಲು ಸ್ನಾರ್ಕೆಲ್ ಮೇಲೆತ್ತಬೇಕು, ಆಗ ಡೀಸೆಲ್ ಸದ್ದು ಮಾಡುತ್ತದೆ, ರೇಡಾರ್‌ಗೂ ಸಿಕ್ಕಬಹುದು. ಹೀಗಾಗಿ ಭಾರತಕ್ಕೆ ಎರಡೂ ಬೇಕು. ಕ್ಷಿಪಣಿ ಹೊತ್ತು ಎಲ್ಲೂ ಸಿಕ್ಕದೆ ಕಾಯುವ ಕೆಲಸಕ್ಕೆ 2016ರಲ್ಲಿ ಅರಿಹಂತ್, 2024ರಲ್ಲಿ ಅರಿಘಾತ್ ಬಂದವು. ಹತ್ತಿರದ ನೀರಿನಲ್ಲಿ ಹೊಂಚುವ ಕೆಲಸಕ್ಕೆ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಕಲ್ವರಿ ವರ್ಗದ ಆರು ಬೋಟ್‌ಗಳು 2017ರಿಂದ 2025ರೊಳಗೆ ಸೇರಿದವು. ಡೀಸೆಲ್ ಪರ ವಾದಿಸುವವರಿಗೆ ಜರ್ಮನಿಯ ಟೈಪ್ 209 ಒಳ್ಳೆಯ ಅಸ್ತ್ರ. 1970ರ ದಶಕದಿಂದ ಹತ್ತಾರು ದೇಶಗಳಿಗೆ 60ಕ್ಕೂ ಹೆಚ್ಚು ಕಟ್ಟಿದ್ದಾರೆ, ನಮ್ಮ ಶಿಶುಮಾರ್ ವರ್ಗವೂ ಅದೇ. ನಮ್ಮದರಲ್ಲಿ ಅಪಾಯ ಬಂದಾಗ ಸಿಬ್ಬಂದಿಯೆಲ್ಲ ಹೊಕ್ಕು ಮೇಲೇರಬಹುದಾದ ಗೋಳವನ್ನು ಒಡಲಿಗೇ ಜೋಡಿಸಿದ್ದಾರೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಒಂದೇ ಒಂದು 209, ಸಾನ್ ಲೂಯಿಸ್, ಇಡೀ ಬ್ರಿಟಿಷ್ ನೌಕಾಪಡೆಯನ್ನು ವಾರಗಟ್ಟಲೆ ಕಾಡಿತು. ಅದರ ಟಾರ್ಪಿಡೊ ಒಂದೂ ತಾಗಲಿಲ್ಲ, ಅದನ್ನು ಹುಡುಕಲು ಹೋದ ಬ್ರಿಟಿಷರ ಅಸ್ತ್ರಗಳೂ ಅದಕ್ಕೆ ತಾಗಲಿಲ್ಲ.

ತೀರ್ಪಿಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಯುದ್ಧದಲ್ಲಿ ಏನು ಸಾಧಿಸಿತು ಅನ್ನುವುದನ್ನು ಅಳತೆಯಾಗಿಟ್ಟರೆ ಎದುರಾಳಿ ಎಷ್ಟು ದುರ್ಬಲ ಅನ್ನುವುದು ಅಂಕದೊಳಗೆ ನುಸುಳುತ್ತದೆ, ಜೊತೆಗೆ ಕ್ಷಿಪಣಿ ಬೋಟ್‌ಗಳಿಗೆ ಜಾಗವೇ ಇರುವುದಿಲ್ಲ, ಯಾಕೆಂದರೆ ಹಾರಿಸುವ ಹೊತ್ತು ಬರಲೇ ಇಲ್ಲ ಅನ್ನುವುದೇ ಅವುಗಳ ಯಶಸ್ಸು. ಮುಂದಿನವುಗಳ ಮೇಲೆ ಬೀರಿದ ಪ್ರಭಾವವನ್ನು ಅಳತೆಯಾಗಿಟ್ಟರೆ ಕಾರ್ಖಾನೆಯಲ್ಲಿ ಸೋತ ಟೈಪ್ 21 ಮತ್ತು ಆಯುಧವೇ ಇಲ್ಲದ ಆಲ್ಬಕೋರ್ ಗೆಲ್ಲುತ್ತವೆ, 'ಯುದ್ಧ ಸಬ್‌ಮರೀನ್' ಅನ್ನುವ ಮಾತಿಗೆ ಅದು ಒಗ್ಗುವುದಿಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಅವರ ಮಾತೂ ಸರಿಯೇ. ವೇಗ, ಆಳ, ಗಾತ್ರ ಇಟ್ಟರೆ ನಿರ್ಣಯ ಸುಲಭ, ಆದರೆ ಅಣುಯುಗದ ಬೋಟ್‌ಗಳ ನಿಜವಾದ ಆಳ ಮತ್ತು ಸದ್ದಿನ ಮಟ್ಟವನ್ನು ಯಾವ ದೇಶವೂ ಬಿಟ್ಟುಕೊಡುವುದಿಲ್ಲ, ಮೊಬೈಲ್‌ನಲ್ಲಿ ಸಿಗುವವು ಬಹುತೇಕ ಅಂದಾಜುಗಳು. ಈ ಮೂರನೆಯ ದಾರಿ ಬೇಡ ಅನ್ನುವುದು ನನ್ನ ಸಲಹೆ.

ನಾನು ನಿಮ್ಮ ಜಾಗದಲ್ಲಿದ್ದರೆ ವಿಷಯವನ್ನೇ ಸ್ವಲ್ಪ ತಿದ್ದುತ್ತಿದ್ದೆ: 'ತನಗೆ ಒಪ್ಪಿಸಿದ ಕೆಲಸವನ್ನು ತನ್ನ ಕಾಲದ ಕಾರ್ಖಾನೆ ಮತ್ತು ಜನರೊಂದಿಗೆ ಚೆನ್ನಾಗಿ ಮಾಡಿದ ಸಬ್‌ಮರೀನ್ ಯಾವುದು?' ಪ್ರತಿ ತಂಡವೂ ತಾನು ಆರಿಸಿದ ಬೋಟ್‌ನ ಅತಿ ದೊಡ್ಡ ದೋಷವನ್ನು ತಾನೇ ಮೊದಲು ಹೇಳಬೇಕೆಂದು ನಿಯಮ ಮಾಡಿ, ಒಟ್ಟು ಅಂಕದಲ್ಲಿ ಅರ್ಧವನ್ನು ಅದಕ್ಕೇ ಇಡಿ. ಟೈಫೂನ್ ತಂಡ ಆರ್-39ರ ತೂಕವನ್ನು ತಾನಾಗಿ ಎತ್ತಿ, ಆದರೂ ಹಿಮದಡಿಯ ಆ ಕೆಲಸಕ್ಕೆ ಅದು ಯಾಕೆ ಹೊಂದುತ್ತಿತ್ತು ಎಂದು ವಾದಿಸಿದರೆ, ನನ್ನ ಆಯ್ಕೆ ಬೇರೆಯಾದರೂ ನಾನು ಅವರಿಗೇ ಬಹುಮಾನ ಕೊಡುತ್ತೇನೆ.

ಶೈಕ್ಷಣಿಕ ಪ್ರವಾಸಕ್ಕೆ ಊರು ಹುಡುಕುತ್ತಿದ್ದರೆ ಗುಂತಕಲ್ ಮೇಲಿಂದ ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋಗಿ. ರಾಮಕೃಷ್ಣ ಬೀಚಿನಲ್ಲಿ ಕುರ್ಸುರಾ ಇದೆ, 1969ರಿಂದ 2001ರವರೆಗೆ ದುಡಿದ ಫಾಕ್ಸ್‌ಟ್ರಾಟ್ ವರ್ಗದ ಬೋಟ್, 2002ರಿಂದ ಮ್ಯೂಸಿಯಂ. ಮುಂದಿನ ಟಾರ್ಪಿಡೊ ಕೋಣೆಯಿಂದ ಹಿಂದಿನದರವರೆಗೆ ಒಳಗೇ ನಡೆದು ಹೋಗಬಹುದು. ಕೋಣೆಯಿಂದ ಕೋಣೆಗೆ ದಾಟುವ ದುಂಡನೆಯ ಬಾಗಿಲುಗಳಲ್ಲಿ ಮಕ್ಕಳು ತಲೆ ಬಗ್ಗಿಸಿ ನುಸುಳಬೇಕಾಗುತ್ತದೆ. ಡೀಸೆಲ್ ಕೋಣೆಯಲ್ಲಿ ಎಂಜಿನ್‌ಗಳ ನಡುವಿನ ಹಾದಿಯ ಅಗಲವನ್ನು ಅಳೆಯಲು ಒಬ್ಬರ ಕೈಗೆ ಟೇಪು ಕೊಡಿ, ಹೊರಗೆ ಬಂದ ಮೇಲೆ ಹಿಂದುಗಡೆ ಹೋಗಿ ಮೂರು ಪ್ರೊಪೆಲ್ಲರ್‌ಗಳನ್ನು ತೋರಿಸಿ, ಹೊಸ ಬೋಟ್‌ಗಳಿಗೆ ಒಂದೇ ಯಾಕೆ ಸಾಕಾಯಿತು ಎಂದು ಕೇಳಿ.